ವಿಳಾಸದ ಪುಸ್ತಕ

ಯಾರ ಮನೆ ಎಲ್ಲಿದೆಯೆಂದು ಬರೆದಿಡುವ ಅಭ್ಯಾಸ ಬಹಳ ಹಳೆಯದು. 1677ರಲ್ಲಿ ಸ್ಯಾಮ್ಯುಯೆಲ್ ಲೀ ಎಂಬಾತ ಲಂಡನ್ ನಗರದ ವರ್ತಕರ ಪಟ್ಟಿಯನ್ನು ಪ್ರಕಟಿಸಿದನು. 1878ರಲ್ಲಿ ಅಮೆರಿಕದ ನ್ಯೂ ಹೇವನ್ನಿನಲ್ಲಿ ಟೆಲಿಫೋನ್ ಪಡೆದವರ ಹೆಸರುಗಳು ಒಂದೇ ಹಾಳೆಯಲ್ಲಿ ಅಚ್ಚಾದವು, ಅದರಲ್ಲಿ ನಂಬರುಗಳೇ ಇರಲಿಲ್ಲ. ಆದರೆ ಇವು ಊರಿಗೆಲ್ಲ ಸೇರಿದ ಪಟ್ಟಿಗಳು. ನನಗೆ ಪ್ರಿಯವಾದದ್ದು ಒಬ್ಬರ ಕೈಯಿಂದ ಬರೆದು, ಅವರೊಬ್ಬರೇ ಕಾಪಾಡಿಕೊಂಡ ಪುಸ್ತಕ.

ಅಂಥದೊಂದರ ಕಥೆಯನ್ನು ಹೇಳಲೇಬೇಕು. 1921ರಲ್ಲಿ ಲಂಡನ್ನಿನಲ್ಲಿ ಆರಂಭವಾದ ನಾರ್ಮನ್ ಅಂಡ್ ಹಿಲ್ ಎಂಬ ಕಂಪನಿಯು, ಹಾಳೆಗಳನ್ನು ಬೇಕಾದಾಗ ಸೇರಿಸಿ ಬೇಡವಾದಾಗ ತೆಗೆಯಬಹುದಾದ, ಉಕ್ಕಿನ ಉಂಗುರಗಳುಳ್ಳ ಪುಸ್ತಕವನ್ನು ಮಾರುತ್ತಿತ್ತು. ಅಲ್ಲಿಗೆ ತಾತ್ಕಾಲಿಕ ಕಾರ್ಯದರ್ಶಿನಿಯಾಗಿ ಬಂದ ಗ್ರೇಸ್ ಸ್ಕರ್ ಎಂಬ ಮಹಿಳೆಯೇ ಅದಕ್ಕೆ ಫೈಲೋಫ್ಯಾಕ್ಸ್ ಎಂದು ಹೆಸರಿಟ್ಟವರು. ಗಿರಾಕಿಗಳ ಹೆಸರು ವಿಳಾಸಗಳನ್ನೆಲ್ಲ ಆಕೆ ತಮ್ಮ ಸ್ವಂತ ಫೈಲೋಫ್ಯಾಕ್ಸಿನಲ್ಲಿ ಬರೆದುಕೊಂಡು, ದಿನವೂ ಸಂಜೆ ಅದನ್ನು ಮನೆಗೆ ಒಯ್ಯುತ್ತಿದ್ದರು. 1940ರಲ್ಲಿ ಜರ್ಮನರ ಬಾಂಬುದಾಳಿಗೆ ಸಿಕ್ಕಿ ಕಚೇರಿಯೂ ಅದರೊಳಗಿನ ಕಾಗದಪತ್ರಗಳೂ ನಾಶವಾದಾಗ, ಕಂಪನಿಗೆ ಉಳಿದ ಸಂಪತ್ತೆಂದರೆ ಆ ಮಹಾತಾಯಿಯ ಕೈಬರಹವೊಂದೇ. ಅದನ್ನು ಮುಂದಿಟ್ಟುಕೊಂಡೇ ವ್ಯವಹಾರವನ್ನು ಮರಳಿ ಕಟ್ಟಿದರು. ಕಾಲಾಂತರದಲ್ಲಿ ಆಕೆ ಆ ಕಂಪನಿಯ ಅಧ್ಯಕ್ಷಸ್ಥಾನವನ್ನೇ ಅಲಂಕರಿಸಿದರೆಂಬುದನ್ನು ನೆನೆದಾಗಲೆಲ್ಲ ನನ್ನ ಮನಸ್ಸು ಉಬ್ಬುತ್ತದೆ.

ನಮ್ಮ ಮನೆಗಳಲ್ಲಿ ವಿಳಾಸ ಬರೆದಿಡುವ ಕೆಲಸಕ್ಕೆ ಒದಗುತ್ತಿದ್ದುದು ಹೊಸ ವರ್ಷಕ್ಕೆ ಬಂದ ಡೈರಿಯ ಕೊನೆಯ ಪುಟಗಳು. ಲಗ್ನಪತ್ರಿಕೆಗಳಿಗೆ ಅರಿಸಿನ ಹಚ್ಚಿ ಮುಗಿಸಿದ ಮೇಲೆ ಹಿರಿಯರು ವಿಳಾಸ ಬರೆಯಲು ಆ ಡೈರಿಯನ್ನು ಬಿಚ್ಚಿ ಕೂರುತ್ತಿದ್ದರು. ಫೋನ್ ಇಲ್ಲದವರ ಹೆಸರಿನ ಮುಂದೆ ಪಕ್ಕದ ಮನೆಯ ನಂಬರು, ಅದರ ಬದಿಗೆ ‘ಪಿ.ಪಿ.’ ಎಂಬೆರಡು ಅಕ್ಷರ. ಕರೆ ಬಂದರೆ ಆ ಮನೆಯ ಹುಡುಗ ಓಡಿಹೋಗಿ ಕರೆತರಬೇಕಾಗಿತ್ತು. 1972ರಲ್ಲಿ ಪಿನ್‌ಕೋಡ್ ಬಂದ ಬಳಿಕ, ಹಳೆಯ ವಿಳಾಸಗಳ ತುದಿಗೆ ಬೇರೆ ಶಾಯಿಯಲ್ಲಿ ಆರು ಅಂಕಿಗಳು ಸೇರಿಕೊಂಡವು.

ನಮ್ಮ ತಂದೆಯವರ ಡೈರಿಯಲ್ಲಿ ಅಕ್ಕನ ಹೆಸರಿನೆದುರು ಮೊದಲು ಧಾರವಾಡದ ಮಾಳಮಡ್ಡಿ ಇದೆ, ಅದಕ್ಕೆ ಗೆರೆ ಎಳೆದು ಶಿವಮೊಗ್ಗ, ಅದಕ್ಕೂ ಗೆರೆ ಎಳೆದು ಪುಣೆ. ಭಾವನವರ ವರ್ಗಾವಣೆಗಳ ಚರಿತ್ರೆಯೆಲ್ಲ ಒಂದೇ ಪುಟದಲ್ಲಿ ಓದಲು ಸಿಗುತ್ತದೆ. ಇಂದಿನ ಮೊಬೈಲಿನಲ್ಲಾದರೋ ಹೊಸದನ್ನು ಬರೆದೊಡನೆ ಹಳೆಯದು ಅಳಿದುಹೋಗುವುದರಿಂದ, ಅಕ್ಕ ಶಿವಮೊಗ್ಗದಲ್ಲಿ ಸಂಸಾರ ಹೂಡಿದ್ದಳೆಂಬುದು ಅದರಲ್ಲಿ ಎಲ್ಲಿಯೂ ದೊರೆಯದು.