ಕಯೋಟಿಯ ಬೇಟೆಗೆ ಹೊರಡುವವನು

ಕೇಳುಗರೆ, ಕಯೋಟಿ ಉತ್ತರ ಅಮೆರಿಕದ ಪ್ರಾಣಿ. ನಮ್ಮ ಗುಳ್ಳೆನರಿಯ ದಾಯಾದಿ. ಪಂಚತಂತ್ರದ ದಮನಕನ ವಂಶದ್ದೆಂದರೂ ಸಲ್ಲುತ್ತದೆ! ಕುರಿಮಂದೆಗೆ ನುಗ್ಗುವ ಇದನ್ನು ಹಿಡಿಯಹೊರಟ ಹೊಸಬನು, ಪರವಾನಗಿ ಪಡೆದಮೇಲೆ, ಮೊದಲು ಅರಿಯಬೇಕಾದದ್ದು ಗಾಳಿಯನ್ನು. ಗಾಯಗೊಂಡ ಮೊಲದಂತೆ ಕಿರುಚುವ ಪೀಪಿಯನ್ನೂದಿದರೆ ಕಯೋಟಿ ಸಾಮಾನ್ಯವಾಗಿ ನೆಟ್ಟಗೆ ಬಾರದು. ಸುತ್ತುಬಳಸಿ, ಊದುವವನ ಮೇಲಿಂದ ಗಾಳಿ ಬೀಸಿಬರುವ ಕಡೆಗೆ ಬಂದು ಮೂಸುತ್ತದೆ. ಮನುಷ್ಯನ ವಾಸನೆ ಹತ್ತಿತೋ, ಮಾಯ. ಅದಕ್ಕೆಂದೇ ಕಾಲನ್ನು ಕಚ್ಚಿಹಿಡಿಯುವ ಉಕ್ಕಿನ ಬೋನನ್ನು ಕುದಿಸಿ, ಕೈಗವಸು ತೊಟ್ಟು, ಜರಡಿಯಾಡಿಸಿದ ಮಣ್ಣಿನಡಿ ಹುದುಗಿಸುತ್ತಾರೆ.

ಇಷ್ಟು ಸುಲಭ. ಆದರೆ ಬೋನಿಗೆ ಕಯೋಟಿಯೇನು, ನೆರೆಯವನ ನಾಯಿಯೇನು? ಸಿಕ್ಕಿದ್ದು ರಾತ್ರಿಯೆಲ್ಲ ನರಳುತ್ತದೆ. ಪ್ರತಿದಿನವೂ ಬೋನನ್ನು ನೋಡಿಬರಬೇಕೆಂಬ ಕಟ್ಟಳೆ ಅಲ್ಲಿನ ಅನೇಕ ರಾಜ್ಯಗಳಲ್ಲಿದೆ. ಹಿಮ ಸುರಿಯುವ ಬೆಳಗಿನಲ್ಲಿ ಹೊದಿಕೆಯನ್ನೊದೆದು ಏಳಬಲ್ಲಿರಾ ಎಂದು ಹೊಸಬನನ್ನು ಮೊದಲೇ ಕೇಳಿಬಿಡುವುದು ಲೇಸು.