ನಲ್ ಎಂದರೆ ಖಾಲಿಯಲ್ಲ

ಜಾವಾ ಕಲಿಯುತ್ತಿರುವ ಕೇಳುಗರು ಮತ್ತೆ ಮತ್ತೆ ಬರೆಯುವುದು ಇದನ್ನೇ: "ಹೆಸರನ್ನು ದೊಡ್ಡಕ್ಷರ ಮಾಡಲು ಟುಅಪ್ಪರ್‌ಕೇಸ್ ಹಾಕಿದೆ, ಪ್ರೋಗ್ರಾಂ ನಲ್ ಪಾಯಿಂಟರ್ ಎಕ್ಸೆಪ್ಶನ್ ಅಂತ ನಿಂತೇ ಹೋಯಿತು. ಟುಅಪ್ಪರ್‌ಕೇಸ್‌ನಲ್ಲಿ ಏನು ದೋಷ?"

ಅದರಲ್ಲಿ ಯಾವ ದೋಷವೂ ಇಲ್ಲ. ಕನ್ನಡ ಅಕ್ಷರಗಳಲ್ಲಿ ದೊಡ್ಡದು ಚಿಕ್ಕದು ಎಂಬುದಿಲ್ಲವಲ್ಲ, ಕನ್ನಡದ ಹೆಸರು ಕೊಟ್ಟರೆ ಅದು ಹಾಗೆಯೇ ಮರಳಿಸುತ್ತದೆ, ತಕರಾರು ಮಾಡುವುದಿಲ್ಲ. ಖಾಲಿ ಸ್ಟ್ರಿಂಗ್ ಕೊಟ್ಟರೂ ಖಾಲಿಯನ್ನೇ ಮರಳಿಸುತ್ತದೆ. ಪ್ರೋಗ್ರಾಂ ನಿಲ್ಲುವುದು ಹೆಸರು ನಲ್ ಆಗಿದ್ದಾಗ. ನಲ್ ಎಂದರೆ ಖಾಲಿ ಎಂದು ನಂಬಿದವರು ಇಲ್ಲೇ ಎಡವುವುದು. ಎಷ್ಟು ಸಲ ಹೇಳಿದರೂ ಈ ನಂಬಿಕೆ ಹೋಗುತ್ತಿಲ್ಲ!

ವೇರಿಯಬಲ್ ಅನ್ನುವುದು ವಿಳಾಸದ ಚೀಟಿ. ಖಾಲಿ ಸ್ಟ್ರಿಂಗ್ ಇದ್ದಾಗ ಚೀಟಿಯಲ್ಲಿ ವಿಳಾಸವಿದೆ, ಅಲ್ಲಿ ಮನೆಯೂ ಇದೆ, ಒಳಗೆ ಸಾಮಾನಿಲ್ಲ, ಅಷ್ಟೆ. ನಲ್ ಇದ್ದಾಗ ಚೀಟಿಯಲ್ಲಿ ವಿಳಾಸವನ್ನೇ ಬರೆದಿಲ್ಲ. ಯಾರ ಬಾಗಿಲು ತಟ್ಟುತ್ತೀರಿ? "ಇಸ್‌ಎಂಪ್ಟಿ ಹಾಕಿ ನೋಡಿದೆ, ಅದೇ ಎರರ್" ಅನ್ನುತ್ತೀರಿ. ಬರಲೇಬೇಕು. ಇಸ್‌ಎಂಪ್ಟಿ ಕೇಳುವುದೂ ಬಾಗಿಲು ತಟ್ಟಿದಂತೆಯೇ. ಮೊದಲು ಚೀಟಿ ನೋಡಿ: ನಲ್ ಹೌದೋ ಅಲ್ಲವೋ. ಆಮೇಲೆ ಉಳಿದದ್ದು.

ಬರೆಯದ ಚೀಟಿ ಬಂದದ್ದು ಎಲ್ಲಿಂದ? ಮ್ಯಾಪ್‌ನಲ್ಲಿ ಇಲ್ಲದ ಕೀ ಕೇಳಿರಬಹುದು. ಡೇಟಾಬೇಸಿನ ಕಾಲಂ ತುಂಬಿರಲಿಕ್ಕಿಲ್ಲ. ಹೊಸ ಸ್ಟ್ರಿಂಗ್ ಅರೇ ಆಗಿದ್ದರೆ ಪ್ರತಿ ಸ್ಥಾನದಲ್ಲೂ ನಲ್ ಕೂತಿರುತ್ತದೆ. ಜಾವಾ 15ರಿಂದ ಈಚೆಗೆ ಯಾವುದು ನಲ್ ಎಂದು ಎರರಿನ ಸಂದೇಶವೇ ಹೇಳುತ್ತದೆ. ದಯವಿಟ್ಟು ಅದನ್ನು ಪೂರ್ತಿ ಓದಿ.

ಒಂದು ಅಡ್ಡದಾರಿಯ ಬಗ್ಗೆ ಮಾತ್ರ ಒತ್ತಿ ಹೇಳಬೇಕು. ನಲ್‌ಗೆ ಖಾಲಿ ಸ್ಟ್ರಿಂಗ್ ಕೂಡಿಸಿದರೆ ಎರರ್ ಮಾಯವಾಗುತ್ತದೆ, ನಿಜ. ಆದರೆ ಜಾವಾ ಆಗ "ನಲ್" ಎಂಬ ನಾಲ್ಕು ಇಂಗ್ಲಿಷ್ ಅಕ್ಷರಗಳ ನಿಜವಾದ ಸ್ಟ್ರಿಂಗನ್ನೇ ಕಟ್ಟಿಕೊಡುತ್ತದೆ. ನಾನು ಕೆಲಸ ಮಾಡುತ್ತಿದ್ದ ಒಂದು ಕಡೆ ತಂದೆಯ ಹೆಸರಿನ ಜಾಗದಲ್ಲಿ ಈ ನಾಲ್ಕು ದೊಡ್ಡಕ್ಷರಗಳು ಅಚ್ಚಾದ ಪ್ರಮಾಣಪತ್ರಗಳು ಜನರ ಕೈಸೇರಿದ್ದವು. ಅವನ್ನು ಹಿಡಿದು ವಾಪಸ್ ಬಂದವರ ಮುಖ ನನಗಿನ್ನೂ ನೆನಪಿದೆ. ಪ್ರೋಗ್ರಾಂ ನಿಂತಿದ್ದರೆ ನಮ್ಮ ಅರ್ಧ ದಿನ ಹೋಗುತ್ತಿತ್ತು, ಅವರಿಗೆ ಆ ನೋವಾಗುತ್ತಿರಲಿಲ್ಲ. ನಲ್ ಅನ್ನು 1965ರಲ್ಲಿ ತಂದ ಟೋನಿ ಹೋರ್ ಅವರೇ ಮುಂದೆ ಅದನ್ನು ತಮ್ಮ ನೂರು ಕೋಟಿ ಡಾಲರಿನ ತಪ್ಪು ಎಂದರು.

ಸಮಯ ಮುಗಿಯುತ್ತಿದೆ. ಹೆಸರು ಕಡ್ಡಾಯವಾಗಿದ್ದರೆ ಒಳಬರುವ ಕಡೆಯಲ್ಲೇ ತಡೆಯಿರಿ. ಕಡ್ಡಾಯವಲ್ಲದಿದ್ದರೆ ಆ ಜಾಗ ಬಿಳಿಯಾಗಿ ಉಳಿಯಲಿ. ಟ್ರೈ-ಕ್ಯಾಚ್ ಹಾಕಿ ಮುಚ್ಚಬೇಡಿ.