ಹುಳಕ್ಕೆ ಭಾನುವಾರ ಗೊತ್ತಿಲ್ಲ

ಬೆಳಗಿನ ಟ್ರೈನಲ್ಲೋ ಬಸ್ಸಲ್ಲೋ ಇಯರ್‌ಫೋನ್ ಹಾಕ್ಕೊಂಡು ಇದನ್ನ ಕೇಳ್ತಿದ್ರೆ, ಇವತ್ತಿನ ಮಾತು ನಿಮ್ಮದೂ ಹೌದು, ನನ್ನದೂ ಹೌದು.

ಊರು ಖಾಲಿಯಾಗ್ತಿದೆ ಅಂದ್ರೆ ಬೀಗ ಬಿದ್ದ ಮನೆ ನೆನಪಾಗುತ್ತೆ. ನಮ್ಮ ಕಡೆ ಹಾಗಲ್ಲ. ಚಿಕ್ಕಬಳ್ಳಾಪುರದಿಂದ ಬೆಂಗಳೂರಿಗೆ ಸುಮಾರು 60 ಕಿಲೋಮೀಟರ್. ಗೌರಿಬಿದನೂರಿಂದ, ಚಿಂತಾಮಣಿಯಿಂದ ಹೋದವರೂ ಶನಿವಾರ ಬರ್ತಾರೆ. ಹಬ್ಬಕ್ಕೆ ಬೀದಿ ತುಂಬುತ್ತೆ. ಖಾಲಿ ಕಾಣೋದು ಮಂಗಳವಾರ ಮಧ್ಯಾಹ್ನ.

ನಮ್ಮದು ಶಿಡ್ಲಘಟ್ಟದ ಹತ್ತಿರ ರೇಷ್ಮೆ ಮನೆ. ಹುಳ ನಾಲ್ಕನೇ ಜ್ವರ ಎದ್ದ ಮೇಲೆ ಸೊಪ್ಪು ಎಷ್ಟು ತಂದರೂ ಸಾಲದು. ಆಮೇಲೆ ಒಂದು ದಿನ ಹಣ್ಣಾಗುತ್ತೆ. ಆಗ ತಡ ಮಾಡದೆ ಆಯ್ದು ಚಂದ್ರಿಕೆಗೆ ಬಿಡಬೇಕು. ಹಿಂದೆ ಅಕ್ಕಪಕ್ಕದವರು ಮುಯ್ಯಾಳಾಗಿ ಬರ್ತಿದ್ರು. ಇವತ್ತು ನಮ್ಮ ಮನೆ, ನಾಳೆ ಅವರ ಮನೆ. ದುಡ್ಡಿನ ಮಾತಿಲ್ಲ, ಊಟ ಚೆನ್ನಾಗಿರಬೇಕು ಅಷ್ಟೆ.

ಹೋದ ವರ್ಷ ಅಪ್ಪ ಫೋನ್ ಮಾಡಿದ್ರು. "ಹುಳ ಹಣ್ಣಾಗ್ತಿದೆ ಕಣೋ, ಬರ್ತೀಯಾ?" ನನಗೆ ಶಿಫ್ಟ್ ಇತ್ತು. "ಶನಿವಾರ ಬರ್ತೀನಪ್ಪಾ" ಅಂದೆ. ಅವತ್ತು ಬುಧವಾರ! ಆಳು ಸಿಗಲಿಲ್ಲ, ಅಪ್ಪ ಅಮ್ಮ ಇಬ್ಬರೇ ರಾತ್ರಿಯೆಲ್ಲಾ ಆಯ್ದರು. ಎಷ್ಟೋ ಹುಳ ಸೊಪ್ಪಿನ ಮೇಲೇ ಗೂಡು ಕಟ್ಟಿತ್ತು. ಒತ್ತೊತ್ತಾಗಿ ಬಿಟ್ಟ ಕಡೆ ಎರಡು ಹುಳ ಸೇರಿ ಜೋಡಿಗೂಡು. ಅದರ ನೂಲು ಸರಿಯಾಗಿ ಬಿಚ್ಚಲ್ಲ, ಮಾರ್ಕೆಟ್ಟಲ್ಲಿ ರೇಟು ಬೀಳುತ್ತೆ. ಅಪ್ಪ ನನ್ನನ್ನ ಒಂದು ಮಾತೂ ಬೈಯ್ಯಲಿಲ್ಲ. ಬೈದಿದ್ರೆ ವಾಸಿ ಇತ್ತು.

ಹೋಗೋದೇ ತಪ್ಪು ಅಂತ ನಾನು ಹೇಳಲ್ಲ. ಸಾವಿರ ಅಡಿ ಕೊರೆದರೂ ನೀರು ಬರದ ಬೋರ್‌ವೆಲ್ ಪಕ್ಕ ನಿಂತು ಮಗನಿಗೆ "ಇಲ್ಲೇ ಇರು" ಅನ್ನೋದು ಹೇಗೆ? ಗೌರಿಬಿದನೂರು ತಾಲ್ಲೂಕಿನ ಹೊಸೂರಿನ ಎಚ್. ನರಸಿಂಹಯ್ಯನವರು 1935ರಲ್ಲಿ ಓದೋಕೆ ಅಂತ ಬೆಂಗಳೂರಿಗೆ ನಡೆದೇ ಹೋದವರು. ಮುಂದೆ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾದರು. ಆದರೆ ಅವರು ಮುನ್ನಡೆಸಿದ ಸಂಸ್ಥೆಯ ನ್ಯಾಷನಲ್ ಕಾಲೇಜುಗಳು ಗೌರಿಬಿದನೂರಿಗೂ ಬಂದವು, ಬಾಗೇಪಲ್ಲಿಗೂ ಬಂದವು. ನಾವು ವಾಪಸ್ ತರೋದು ಏನು? ಹಬ್ಬಕ್ಕೆ ಸ್ವೀಟ್ ಬಾಕ್ಸ್, ಅಮ್ಮನಿಗೆ ಹೊಸ ಫೋನು.

ಅಪ್ಪ ಈಗ 200 ಮೊಟ್ಟೆಯಿಂದ 100ಕ್ಕೆ ಇಳಿಸಿದ್ದಾರೆ. ಇಬ್ಬರ ಕೈಗೆ ಅಷ್ಟೇ ಆಗೋದು ಅಂತ. ಈ ಸಲದ ಹುಳ ಮೂರನೇ ಜ್ವರದಲ್ಲಿದೆ. ಲೆಕ್ಕ ಹಾಕಿದೆ, ಹಣ್ಣಾಗೋದು ಮತ್ತೆ ವಾರದ ಮಧ್ಯದಲ್ಲೇ. ಎರಡು ದಿನ ರಜೆ ಕೇಳಿದ್ದೀನಿ, ಇನ್ನೂ ಉತ್ತರ ಬಂದಿಲ್ಲ.